ಅಪ್ಪನ ಕಡೆಯಿಂದ

ಕಬಕದ ಮಹಾಬಲ ರೈಗಳ ಮಗಳು ಕಮಲಾವತಿಗೆ ಸಿಹಿಮೂತ್ರ ರೋಗ ಇದೆಯೆಂದು ಪುತ್ತೂರಿನ ಡಾಕ್ಟರು ಹೇಳಿದ ಮಾರನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಅದು ತಾಯಿಯ ಕಡೆಯಿಂದ ಬಂದದ್ದೆಂದು ಆ ಮನೆಯಲ್ಲಿ ತೀರ್ಮಾನವಾಗಿಹೋಯಿತು. ಕೇಳಿದ್ದಿಲ್ಲ, ವಿಚಾರಿಸಿದ್ದಿಲ್ಲ. ತೀರ್ಪು ಕೊಟ್ಟವರು ರೈಗಳ ಅಕ್ಕ ತಿಮ್ಮಕ್ಕ. ಬಾಯಲ್ಲಿದ್ದ ಬಂಗುಡೆಯ ಮುಳ್ಳನ್ನು ತೆಗೆದು ಬಾಳೆಲೆಯ ಬದಿಗಿಟ್ಟು ಅವರು ಹೇಳಿದರು:

“ನಮ್ಮ ಮನೆಯಲ್ಲಿ ಇಂಥ ಕಾಯಿಲೆ ಕೇಳಿ ಗೊತ್ತಿಲ್ಲ. ಇದು ಸೀತುವಿನ ಬಳಿಯಲ್ಲಿ ಇಳಿದು ಬಂದದ್ದು.”

ಬಳಿ ಅಂದರೆ ಕುಲ. ಅಳಿಯಸಂತಾನದ ಮನೆಗಳಲ್ಲಿ ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದಲ್ಲ. ತಂದೆ ಒಂದು ಬಳಿ, ಅವನ ಮಕ್ಕಳು ಇನ್ನೊಂದು. ಗಂಡಸಿನ ಮನೆ, ಗದ್ದೆ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಅವನ ಸ್ವಂತ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. ಅದು ಐವತ್ತೊಂಬತ್ತನೆಯ ಇಸವಿ. ಕಾನೂನು ಬದಲಾಗಿದೆ ಎಂದು ಪುತ್ತೂರಿನ ವಕೀಲರು ಹೇಳುತ್ತಿದ್ದರು, ಬದಲಾಗಿಯೂ ಇತ್ತು, ಆದರೆ ಅಡಿಗೆಮನೆಯ ತನಕ ಆ ಸುದ್ದಿ ಬಂದಿರಲಿಲ್ಲ. ಕುಲ ತಾಯಿಯದ್ದಾದ ಮೇಲೆ ಬೊಜ್ಜೂ ತಾಯಿಯದ್ದು, ರೋಗವೂ ತಾಯಿಯದ್ದು ಎಂದು ತಿಮ್ಮಕ್ಕ ಹೇಳಿದಾಗ ಊಟಕ್ಕೆ ಕೂತವರೆಲ್ಲ ತಲೆಯಾಡಿಸಿದರು. ನನಗೆ ಸಿಟ್ಟು ಬರುವುದು ತಿಮ್ಮಕ್ಕನಿಗಿಂತ ಹೆಚ್ಚು ಆ ತಲೆಗಳ ಮೇಲೆ.

ಒಬ್ಬರಾದರೂ ಕಣ್ಣು ಬಿಟ್ಟು ನೋಡಬಹುದಿತ್ತಲ್ಲ! ರೈಗಳ ಹೆಂಡತಿ ಸೀತು ನುಗ್ಗೆಕಾಯಿಯಂಥ ಹೆಂಗಸು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ದುಡಿದು ಅವಳ ಮೈಗೆ ಒಂದು ಹಿಡಿ ಮಾಂಸ ಹತ್ತಿರಲಿಲ್ಲ. ಮಹಾಬಲ ರೈಗಳೋ, ಅಕ್ಕಿ ಮಿಲ್ಲಿನಲ್ಲಿ ಅವರು ಕೂರಲೆಂದೇ ಹಲಸಿನ ಹಲಗೆಯ ಅಗಲದ ಕುರ್ಚಿ ಮಾಡಿಸಿದ್ದರು. ತಿಮ್ಮಕ್ಕ ನೆಲದಿಂದ ಏಳಬೇಕಾದರೆ ಇಬ್ಬರು ಕೈ ಕೊಡಬೇಕು. ಕಮಲಾವತಿಯ ದುಂಡು ಮುಖ, ಗಿಡ್ಡ ಕತ್ತು, ದಪ್ಪ ಮಣಿಕಟ್ಟು, ಎಲ್ಲ ಅಪ್ಪನ ಅಚ್ಚು. ಅವಳು ತೊಟ್ಟಿಲಲ್ಲಿದ್ದಾಗ “ಅಪ್ಪನದ್ದೇ ಮೂಗು” ಎಂದು ಕೊಂಡಾಡಿದವರು ಇದೇ ತಿಮ್ಮಕ್ಕ.

ತಿಮ್ಮಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಅವರ ಮಗ ಮಹಾಲಿಂಗ ಎದುರಿಗೇ ಕೂತಿದ್ದ. ಮಾವನ ಮಿಲ್ಲು, ಗದ್ದೆ ಎಲ್ಲ ನಾಳೆ ಅವನದ್ದು. ಕಮಲಾವತಿ ಹುಟ್ಟಿದಂದಿನಿಂದ ಅವಳು ಮಹಾಲಿಂಗನಿಗೆ ಎಂದು ಮಾತಾಗಿತ್ತು. ಸೋದರತ್ತೆಯ ಮಗ, ಬಳಿ ಬೇರೆ, ಸಂಬಂಧ ಸಸೂತ್ರ. ಹಾಗಾದರೆ ರೈಗಳ ಕಾಲದ ನಂತರವೂ ಮಗಳು ಅದೇ ಮನೆಯಲ್ಲಿ ಉಳಿಯುತ್ತಾಳೆ, ಸೀತುವಿಗೂ ಮುದಿಗಾಲದಲ್ಲಿ ಜಾಗ ಬಿಡುವ ಭಯವಿಲ್ಲ. ಸೀತು ಇಷ್ಟು ವರ್ಷ ಅತ್ತಿಗೆಯ ಮಾತು ನುಂಗಿಕೊಂಡು ಬಂದದ್ದು ಇದೊಂದರ ಆಸೆಗೆ.

“ಇನ್ನು ಆ ಮದುವೆ ಮಾತು ಬೇಡ,” ಎಂದರು ತಿಮ್ಮಕ್ಕ. “ಸುಳ್ಯದ ಕಡೆಯಿಂದ ಒಂದು ಹೆಣ್ಣಿನ ವಿಷಯ ಬಂದದ್ದುಂಟು. ಅದನ್ನೇ ನೋಡುವ. ಬೇರೆಯವರ ಬಳಿಯ ರೋಗ ತಂದು ನನ್ನ ಮಗನ ಕುತ್ತಿಗೆಗೆ ಕಟ್ಟುದಾ?”

ಸೀತು ಸಾರಿನ ಸೌಟು ಹಿಡಿದುಕೊಂಡು ಗಂಡನ ಮುಖ ನೋಡಿದಳು.

“ನೀವಾದರೂ ಒಂದು ಮಾತು ಹೇಳಿ.”

“ಎಂತ ಹೇಳುದು?” ಎಂದರು ರೈಗಳು ಅನ್ನ ಕಲಸುತ್ತ. “ಅಕ್ಕ ಹೇಳುದರಲ್ಲಿ ತಪ್ಪೆಂತ ಉಂಟು? ಸ್ವಲ್ಪ ಸಾರು ಹಾಕು.”

ಮಹಾಲಿಂಗ ಎಲೆ ಮಡಚಿ ಎದ್ದು ಹೋದ. ಬಾಗಿಲ ಹಿಂದೆ ನಿಂತಿದ್ದ ಕಮಲಾವತಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಇಪ್ಪತ್ತು ವರ್ಷ. ಬೆನ್ನಿನ ಮೇಲೆ ಎದ್ದ ಕುರು ಒಣಗುವುದಿಲ್ಲವೆಂದು ಡಾಕ್ಟರ ಹತ್ತಿರ ಹೋದವಳು ಈ ರೋಗದ ಹೆಸರು ಹೊತ್ತುಕೊಂಡು ಬಂದಿದ್ದಳು.

ಡಾಕ್ಟರು ಹೇಳಿದ್ದು ಕಷ್ಟದ ಪಥ್ಯವೇನಲ್ಲ. ಬೆಲ್ಲ, ಸಕ್ಕರೆ ಬಿಡಬೇಕು. ಅನ್ನ ಕಡಿಮೆ ಮಾಡಬೇಕು. ಸೊಪ್ಪು, ಹುರುಳಿ, ಮೀನು, ಮೊಟ್ಟೆ ಹೊಟ್ಟೆ ತುಂಬ ಆಗಬಹುದು. ದಿನಾ ನಡೆಯಬೇಕು, ಮಾತ್ರೆ ತಪ್ಪಿಸಬಾರದು. “ಮೈ ಇಳಿದರೆ ಸಕ್ಕರೆಯೂ ಇಳಿದೀತು, ಹೆದರಬೇಡ ಮಗಳೇ,” ಎಂದೂ ಹೇಳಿದ್ದರು. ಆ ಪಥ್ಯ ತಿಮ್ಮಕ್ಕನ ಕೈಗೆ ಸಿಕ್ಕಿ ಶಿಕ್ಷೆಯಾಯಿತು. ಕಮಲಾವತಿ ಎಲ್ಲರ ಜೊತೆ ಕೂತು ಉಣ್ಣಬಾರದು, ನೋಡಿದರೆ ಆಸೆಯಾಗುತ್ತದಂತೆ. ಹಿಂದಿನ ಜಗಲಿಯಲ್ಲಿ, ಎಲ್ಲರದ್ದು ಮುಗಿದ ಮೇಲೆ, ಒಂದು ಸೌಟು ಗಂಜಿ ಮತ್ತು ಒಂದು ಉಪ್ಪಿನ ಮಾವಿನಮಿಡಿ. ಮೀನನ್ನು ಡಾಕ್ಟರು ಆಗುತ್ತದೆ ಎಂದಿದ್ದರೆ, ತಿಮ್ಮಕ್ಕ ಆಗುವುದಿಲ್ಲ ಎಂದರು.

“ಕೊಬ್ಬಿದವಳಿಗೆ ಮೀನು ಯಾಕೆ? ಇನ್ನೂ ಕೊಬ್ಬಲಿಕ್ಕಾ?”

ಅದು ಹಲಸು ಹಣ್ಣಾಗುವ ಕಾಲ. ಕೈಗೆ ಎಣ್ಣೆ ಸವರಿಕೊಂಡು ಹಲಸು ಕೊಯ್ದು ತೊಳೆ ಬಿಡಿಸುವ ಕೆಲಸ ಕಮಲಾವತಿಯದ್ದು. ಬಿಡಿಸಿದ್ದನ್ನು ತಟ್ಟೆ ತುಂಬ ತಿನ್ನುವವರು ಅಪ್ಪ ಮತ್ತು ಅತ್ತೆ. ತಿಮ್ಮಕ್ಕನ ಸಂಜೆಯ ಕಾಫಿಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲ ಬೇಕು. ಕಾಫಿ ಕುಡಿದು ಸ್ವಲ್ಪ ಹೊತ್ತಿಗೆ ನೀರು, ಮತ್ತೆ ನೀರು. ಒಂದು ತಂಬಿಗೆ ಯಾವಾಗಲೂ ಕೈಗೆ ಸಿಕ್ಕುವ ಹಾಗೆ ಇಟ್ಟುಕೊಂಡಿದ್ದರು. ಅವರ ಎಡಗಾಲಿನ ಕಿರುಬೆರಳಲ್ಲಿ ಒಂದು ಗಾಯ. ತೋಟದಲ್ಲಿ ಮುಳ್ಳು ಚುಚ್ಚಿದ್ದೆಂದು ಹೇಳುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಚುಚ್ಚಿದ ಮುಳ್ಳಿನ ಗಾಯ ಹಲಸಿನ ಕಾಲಕ್ಕೂ ಮಾಗಿರಲಿಲ್ಲ. ಅರಸಿನ, ಬೇವು ಅರೆದು ಅದಕ್ಕೆ ಹಚ್ಚುವವಳೂ ಸೀತುವೇ.

ಒಂದು ದಿನ ಕಮಲಾವತಿ ಸಗಣಿ ಬಾಚುತ್ತಿದ್ದವಳು ಹಟ್ಟಿಯ ಕಂಬ ಹಿಡಿದುಕೊಂಡು ನಿಂತಳು.

“ಅಮ್ಮ, ಕಣ್ಣು ಕತ್ತಲೆ ಬರ್ತದೆ. ಹಸಿವು.”

ಸೀತು ಎರಡು ಮೊಟ್ಟೆ ಬೇಯಿಸಿ ಸೆರಗಿನಲ್ಲಿ ಮುಚ್ಚಿ ತಂದು ಹಟ್ಟಿಯಲ್ಲಿ ಮಗಳಿಗೆ ತಿನ್ನಿಸಿದಳು. ಹೆತ್ತ ಮಗಳಿಗೆ ಕದ್ದು ಮೊಟ್ಟೆ ಕೊಡುವ ಗತಿ! ಅದೂ ಅವಳೇ ಸಾಕಿದ ಕೋಳಿಯ ಮೊಟ್ಟೆ. ಸಿಪ್ಪೆಯನ್ನು ಗೊಬ್ಬರದ ಗುಂಡಿಯಲ್ಲಿ ಕಂಡ ತಿಮ್ಮಕ್ಕ ಅಂಗಳದಲ್ಲಿ ನಿಂತು ಬೊಬ್ಬೆ ಹಾಕಿದರು.

“ಕದ್ದು ತಿನ್ನಿಸಿ ತಿನ್ನಿಸಿಯೇ ಇವಳನ್ನು ಹೀಗೆ ಮಾಡಿದ್ದು ನೀನು!”

“ಡಾಕ್ಟರು ಮೊಟ್ಟೆ ಆಗ್ತದೆ ಹೇಳಿದ್ದಾರೆ ಅತ್ತಿಗೆ.”

“ಡಾಕ್ಟರು ನಿನ್ನ ಕುಟುಂಬದವನಾ? ನಿಮ್ಮ ಕಡಬದ ಮನೆಯಲ್ಲಿ ಯಾರ್ಯಾರಿಗೆ ಉಂಟು ಈ ರೋಗ, ಮುಚ್ಚಿಡದೆ ಹೇಳು ನೋಡುವ.”

“ಯಾರಿಗೂ ಇಲ್ಲ.”

“ಇಲ್ಲ ಹೇಳುದು ಸುಲಭ.”

ಸೀತು ಅವತ್ತು ಮಗಳಿಗೆ ಸೀರೆ ಬದಲಿಸಲು ಹೇಳಿದಳು. ಗಂಡನನ್ನು ಕೇಳಲಿಲ್ಲ, ಅತ್ತಿಗೆಗೆ ಹೇಳಲಿಲ್ಲ. ತಾಯಿ, ಮಗಳು ಕಬಕದಿಂದ ಬಸ್ಸು ಹತ್ತಿ, ಉಪ್ಪಿನಂಗಡಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ಸಂಜೆಗೆ ಕಡಬ ಸೇರಿದರು.

ಕಡಬದ ಮನೆಯಲ್ಲಿ ಸೀತುವಿನ ಅಣ್ಣ ದುಗ್ಗಪ್ಪ ರೈ ಇದ್ದ. ತಂಗಿಯಂತೆಯೇ ಕಡ್ಡಿ ದೇಹ. ವಿಷಯ ಕೇಳಿ ಅವನು ಮೊದಲು ನಕ್ಕ, ಆಮೇಲೆ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದ.

“ನಮ್ಮ ಅಜ್ಜಿ ಎಂಬತ್ತು ದಾಟಿ ಸತ್ತದ್ದು. ಅಮ್ಮ ಸತ್ತದ್ದು ಹಾವು ಕಚ್ಚಿ. ನಮ್ಮಲ್ಲಿ ತೋರ ಇದ್ದವರು ಅಂದರೆ ಕಣಜ ಒಂದೇ. ಆ ತಿಮ್ಮಕ್ಕನಿಗೆ ಎಂತ ಹುಚ್ಚಾ?”

“ಬಾಯಲ್ಲಿ ಹೇಳಿದರೆ ಅವರು ನಂಬುದಿಲ್ಲ ಅಣ್ಣ. ನೀನು ಪುತ್ತೂರಿಗೆ ಬಾ. ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸುವ. ನನ್ನದೂ ಮಾಡಿಸುವ.”

ದುಗ್ಗಪ್ಪ ರೈ ಮರ್ಯಾದಸ್ಥ. ಸೀಸೆಯಲ್ಲಿ ಮೂತ್ರ ಹಿಡಿದು ಡಾಕ್ಟರ ಎದುರು ಇಡುವುದೆಂದರೆ ಅವನಿಗೆ ತಲೆ ತಗ್ಗಿಸುವ ಕೆಲಸ. ಆದರೂ ಮಾರನೆಯ ದಿನ ಬಂದ. ಪುತ್ತೂರಿನಲ್ಲಿ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ಮದ್ದಿಗೆ ಕೆಲವು ಹನಿ ಬಿಟ್ಟು ಸ್ಪಿರಿಟ್ಟಿನ ದೀಪದ ಮೇಲೆ ಕುದಿಸಿದರು. ಸಕ್ಕರೆ ಇದ್ದರೆ ಬಣ್ಣ ತಿರುಗುತ್ತದೆ. ತುಂಬ ಇದ್ದರೆ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ. ದುಗ್ಗಪ್ಪನದ್ದು ನೀಲಿಯಾಗಿಯೇ ಉಳಿಯಿತು. ಸೀತುವಿನದ್ದೂ ನೀಲಿ.

“ಇವರಿಬ್ಬರಿಗೂ ಇಲ್ಲ,” ಎಂದರು ಡಾಕ್ಟರು. “ಇದರಿಂದ ಪೂರ್ತಿ ಹೇಳಲಿಕ್ಕೆ ಬರುದಿಲ್ಲ, ಆದರೆ ನಿಮ್ಮ ಕಡೆ ಯಾರಿಗೂ ಇದ್ದ ಹಾಗೆ ಕಾಣುದಿಲ್ಲ. ಹುಡುಗಿಯ ತಂದೆಯ ಕಡೆ ಹೇಗೆ?”

ಅಣ್ಣ, ತಂಗಿ ಮುಖ ಮುಖ ನೋಡಿಕೊಂಡರು.

“ತಂದೆಯ ಕಡೆ ಯಾಕೆ ಡಾಕ್ಟ್ರೇ?” ಎಂದ ದುಗ್ಗಪ್ಪ. “ಮಕ್ಕಳು ತಾಯಿಯ ಬಳಿ ಅಲ್ಲವಾ?”

ಈ ಮಾತಿಗೆ ಡಾಕ್ಟರು ನಗಲಿಲ್ಲ. ಅವರೂ ಆ ಊರಿನಲ್ಲಿ ವರ್ಷಗಟ್ಟಲೆ ಇದ್ದವರು.

“ಬಳಿ ನೀವು ಮಾಡಿದ್ದು ರೈಗಳೇ. ರಕ್ತಕ್ಕೆ ಅದು ಗೊತ್ತಿಲ್ಲ. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಈ ಕಾಯಿಲೆ ಕೆಲವು ಕುಟುಂಬಗಳಲ್ಲಿ ಹೆಚ್ಚು. ದಪ್ಪ ಮೈಯೂ ಹಾಗೆ. ಯಾವ ಕಡೆಯಿಂದಲೂ ಬರಬಹುದು. ಬರಲೇಬೇಕು ಅಂತಲೂ ಇಲ್ಲ.”

ಹಿಂದಿನ ಬೆಂಚಿನಲ್ಲಿದ್ದ ಕಮಲಾವತಿ ಕೇಳಿದಳು, “ಎರಡೂ ಕಡೆ ಇದ್ದರೆ?”

“ಎರಡೂ ಕಡೆ ಇದ್ದರೆ ಮಕ್ಕಳಿಗೆ ಬರುವ ಭಯ ಇನ್ನೂ ಹೆಚ್ಚು. ಅದಕ್ಕೇ ಕೇಳಿದ್ದು. ತಂದೆಯನ್ನು ಒಮ್ಮೆ ಕಳಿಸಿ.”

ಸೀತುವಿಗೆ ಅಲ್ಲೇ ಎಲ್ಲ ಎದುರಿಗೆ ಬಂದು ನಿಂತಿತು. ಅತ್ತಿಗೆಯ ತಂಬಿಗೆ, ಬೆರಳಿನ ಗಾಯ, ಗಂಡ ಒಂದು ಊಟಕ್ಕೆ ಕುಡಿಯುವ ನೀರು. ಅವಳು ಮದುವೆಯಾಗಿ ಬಂದ ವರ್ಷ ಗಂಡನ ತಾಯಿ ಕಾಲು ಕಪ್ಪಾಗಿ ಸತ್ತದ್ದು. ಆ ಕಾಲು ತೊಳೆದವಳೂ ಸೀತುವೇ. ಆಗ ಅದು ನಾಗನ ದೋಷ ಎಂದು ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಮಾಡಿಸಿದ್ದರು.

ಅವತ್ತೇ ಮಗಳೊಡನೆ ಕಬಕಕ್ಕೆ ಮರಳಿ, ರಾತ್ರಿಯ ಊಟಕ್ಕೆ ಬಡಿಸುತ್ತ ಸೀತು ವಿಷಯ ತೆಗೆದಳು. ತನ್ನದೂ ಅಣ್ಣನದ್ದೂ ನೀಲಿ ಉಳಿಯಿತು ಎಂದಳು.

“ನಿನ್ನಲ್ಲಿ ಅಡಗಿ ಉಂಟು,” ಎಂದರು ತಿಮ್ಮಕ್ಕ. “ಮಗಳಲ್ಲಿ ಹೊರಗೆ ಬಂದಿದೆ. ಅಣ್ಣ ಗಂಡಸು, ಅವನನ್ನು ಎಂತ ನೋಡುದು?”

“ಡಾಕ್ಟರು ಇವರನ್ನು ಬರಲಿಕ್ಕೆ ಹೇಳಿದ್ದಾರೆ. ನೀವೂ ಹೋದರೆ ಒಳ್ಳೆದು ಅತ್ತಿಗೆ. ಆ ಬೆರಳು...”

“ನನ್ನ ಬೆರಳಿನ ಸುದ್ದಿ ನಿನಗೆ ಬೇಡ!”

ಮಹಾಬಲ ರೈಗಳು ಕೆಂಪಗಾದರು. “ನನ್ನನ್ನು ಯಾಕೆ? ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ನನ್ನ ಬಳಿ ಬೇರೆ, ಮಗಳ ಬಳಿ ಬೇರೆ. ನನ್ನ ಕಾಯಿಲೆ ಅವಳಿಗೆ ಹೇಗೆ ಹೋಗುದು?”

“ಮೂಗು ಹೇಗೆ ಹೋಯಿತು?” ಎಂದಳು ಸೀತು.

ಮಹಾಲಿಂಗನಿಗೆ ನಗು ತಡೆಯಲಿಲ್ಲ. ತಾಯಿ ಅವನ ಕಡೆ ತಿರುಗಿದರು, ಅವನು ಕೆಮ್ಮಿದ ಹಾಗೆ ಮಾಡಿದ. ರೈಗಳು ಊಟ ಬಿಟ್ಟು ಎದ್ದರು. ಎದುರುತ್ತರ ಕೊಡುವ ಹೆಂಡತಿಯ ಕೈಯ ಅನ್ನ ತನಗೆ ಬೇಡ ಎಂದರು. ಬೆಳಿಗ್ಗೆ ಅದೇ ಕೈಯ ನೀರುದೋಸೆಯನ್ನು ಬೆಲ್ಲ, ಕಾಯಿ ಹಾಕಿಸಿಕೊಂಡು ತಿಂದರು.

ಊರಲ್ಲಿ ಮಾತು ಹರಡಿತು. ಕಬಕದ ಕೂಡುರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಇಬ್ರಾಹಿಂ ಬ್ಯಾರಿಯಿಂದ ಹಿಡಿದು ಮಿಲ್ಲಿಗೆ ಭತ್ತ ತರುವವರ ತನಕ ಎಲ್ಲರಿಗೂ ಗೊತ್ತು: ರೈಗಳ ಮಗಳಿಗೆ ಸಕ್ಕರೆ ರೋಗ, ತಾಯಿ ಕಡೆಯಿಂದ ಬಂದದ್ದು. ಕಮಲಾವತಿ ಡಾಕ್ಟರು ಹೇಳಿದ ಪ್ರಕಾರ ಬೆಳಿಗ್ಗೆ ಪುತ್ತೂರಿನ ರಸ್ತೆಯಲ್ಲಿ ನಡೆಯಲು ಹೊರಟರೆ ದಾರಿಯಲ್ಲಿ ಹೆಂಗಸರು ಕರೆದು ಕೇಳುತ್ತಿದ್ದರು, “ನಿನ್ನ ಕಡಬದ ಅಜ್ಜಿಗೂ ಇತ್ತಂತಲ್ಲವಾ?” ಅವಳು ಉತ್ತರ ಹೇಳಿ ಹೇಳಿ ಸಾಕಾಗಿ, ಆಮೇಲೆ ಬರೀ ನಡೆಯುತ್ತಿದ್ದಳು. ಸುಳ್ಯದ ಕಡೆಯ ಹೆಣ್ಣಿನ ಮಾತುಕತೆಗೆ ತಿಮ್ಮಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಾಡಿಗೆ ಕಾರಿನಲ್ಲಿ ಹೋಗಿಬಂದರು. ಹೆಣ್ಣು ತೆಳ್ಳಗೆ, ಬೆಳ್ಳಗೆ ಇದ್ದಾಳೆ ಎಂದು ಸೀತುವಿಗೆ ಕೇಳುವ ಹಾಗೆ ಎಲ್ಲರಿಗೂ ಹೇಳಿದರು.

ಸುಳ್ಯದವರು ಗಂಡಿನ ಮನೆ ನೋಡಲು ಬರುವ ವಾರದಲ್ಲೇ ತಿಮ್ಮಕ್ಕನಿಗೆ ಜ್ವರ ಬಂತು. ಸೀತು ಬೆರಳಿನ ಬಟ್ಟೆ ಬಿಚ್ಚಿದರೆ ಕಪ್ಪು, ಮೂಗು ಮುಚ್ಚಿಕೊಳ್ಳುವ ವಾಸನೆ. ಅವಳು ಮಹಾಲಿಂಗನನ್ನು ಕೂಗಿದಳು. ಮಿಲ್ಲಿನ ಲಾರಿಯಲ್ಲಿ ಹಾಸಿಗೆ ಹಾಸಿ ತಿಮ್ಮಕ್ಕನನ್ನು ಪುತ್ತೂರಿಗೆ, ಅಲ್ಲಿಂದ ಮಂಗಳೂರಿನ ಆಸ್ಪತ್ರೆಗೆ ಕೊಂಡುಹೋದರು. ಅಲ್ಲಿ ಕಿರುಬೆರಳನ್ನು, ಅದರ ಪಕ್ಕದ ಬೆರಳನ್ನು ಕತ್ತರಿಸಿದರು. ಮೂತ್ರ ಕುದಿಸಿದರೆ ಇಟ್ಟಿಗೆಯ ಬಣ್ಣ. ಜೊತೆಗೆ ಹೋದ ತಮ್ಮನನ್ನೂ ಬಿಡಲಿಲ್ಲ, ಮಹಾಬಲ ರೈಗಳದ್ದು ಕಿತ್ತಳೆ ಬಣ್ಣ. ಮಹಾಲಿಂಗ ಯಾರೂ ಹೇಳದೆ ತಾನೇ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಅವನದ್ದು ಹಸಿರಿಗೆ ತಿರುಗಿತು. ಸ್ವಲ್ಪ ಉಂಟು, ಈಗಿಂದಲೇ ಜಾಗ್ರತೆ ಮಾಡಿ ಎಂದರಂತೆ.

ಊರಿಗೆ ಬಂದವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೀತುವಿಗೆ ಎಲ್ಲ ಹೇಳಿದ.

“ನಮಗೆ ಮೂವರಿಗೂ ಉಂಟು ಅತ್ತೆ. ನಮ್ಮ ಅಜ್ಜಿಯದ್ದೂ ಅದೇ ಇರಬೇಕು ಹೇಳಿದರು.”

“ನಿನ್ನ ಮಾವ ಎಂತ ಹೇಳಿದರು?”

“ಮಾವ ಎಂತದೂ ಹೇಳಲಿಲ್ಲ.”

ಆಮೇಲೆ ನಡೆದದ್ದನ್ನು ಬರೆಯುವಾಗ ನನ್ನ ಕೈ ಬಿಸಿಯಾಗುತ್ತದೆ. ಸೀತು ಮನೆಯವರೆಲ್ಲರಿಗೂ ಪಥ್ಯದ ಅಡಿಗೆ ಶುರುಮಾಡಿದಳು. ನುಗ್ಗೆಸೊಪ್ಪಿನ ಪಲ್ಯ, ಬಸಳೆ, ಹುರುಳಿ ಸಾರು, ಸುಟ್ಟ ಮೀನು. ಈಗ ಮೀನು ಆಗುತ್ತಿತ್ತು, ಮೊಟ್ಟೆಯೂ ಆಗುತ್ತಿತ್ತು. ತಿಮ್ಮಕ್ಕನಿಗೆ ಮಲಗಿದಲ್ಲಿಗೇ ಬಡಿಸಬೇಕು. ರೈಗಳಿಗೆ ಮಾತ್ರೆ ನೆನಪಿಸಬೇಕು. ಅವರನ್ನು ಯಾರೂ ಹಿಂದಿನ ಜಗಲಿಗೆ ಕಳಿಸಲಿಲ್ಲ. ಅವರ ರೋಗಕ್ಕೆ ಬಳಿ ಇರಲಿಲ್ಲ. ಅದು ಪ್ರಾಯಕ್ಕೆ ಬಂದದ್ದು, ಉಷ್ಣಕ್ಕೆ ಬಂದದ್ದು, ಹಣೆಬರಹ. ನೋಡಲು ಬಂದವರ ಹತ್ತಿರ ತಿಮ್ಮಕ್ಕ ಅಳುತ್ತ ಹೇಳುತ್ತಿದ್ದರು, “ಒಂದು ಮುಳ್ಳು ಮಾರಾಯ್ತಿ, ಒಂದು ಮುಳ್ಳಿಂದ ಎರಡು ಬೆರಳು ಹೋಯಿತು.” ಸೀತುವಿನ ಮೇಲೆ ಹೊರಿಸಿದ್ದನ್ನು ಇಳಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಸುಳ್ಯದವರು ಬರಲಿಲ್ಲ. ಹುಡುಗನ ತಾಯಿಗೆ ಬೆರಳು ಕತ್ತರಿಸಿದ್ದಾರೆ, ಹುಡುಗನಿಗೂ ರೋಗದ ಸೋಂಕು ಉಂಟು ಎಂದು ಅವರಿಗೆ ತಿಳಿದಿತ್ತು. ತಿಮ್ಮಕ್ಕ ಬೇರೆ ಎರಡು ಕಡೆ ಕೇಳಿಸಿದರು. ಎರಡೂ ಕಡೆಯವರು ಈ ವರ್ಷ ಮದುವೆ ಮಾಡುವ ಯೋಚನೆ ಇಲ್ಲ ಎಂದರು.

ಒಂದು ಭಾನುವಾರ ದುಗ್ಗಪ್ಪ ರೈಗೆ ಕರೆ ಹೋಯಿತು. ತಿಮ್ಮಕ್ಕ ಮುಂದಿನ ಚಾವಡಿಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮಹಾಬಲ ರೈಗಳು ಎಲೆಯಡಿಕೆಯ ಹರಿವಾಣ ಎದುರಿಗಿಟ್ಟುಕೊಂಡಿದ್ದರು. ಕೆದಂಬಾಡಿಯಿಂದ ಅವರ ಕುಟುಂಬದ ಹಿರಿಯ ಸಂಕಪ್ಪ ರೈಗಳೂ ಬಂದಿದ್ದರು.

“ಬಾ ದುಗ್ಗಪ್ಪ,” ಎಂದರು ತಿಮ್ಮಕ್ಕ, ಏನೂ ಆಗದವರ ಹಾಗೆ. “ಮಕ್ಕಳದ್ದು ಒಂದು ಮುಗಿಸಿಬಿಡುವ. ಎಷ್ಟೋ ವರ್ಷದ ಮಾತು. ಈಗ ಎರಡೂ ಕಡೆ ಸಮ ಆಯಿತಲ್ಲ. ನಾವು ನಿಮ್ಮನ್ನು ಹೇಳುವ ಹಾಗಿಲ್ಲ, ನೀವು ನಮ್ಮನ್ನು ಹೇಳುವ ಹಾಗಿಲ್ಲ.”

“ಸಮ ಅಂದರೆ?” ಎಂದ ದುಗ್ಗಪ್ಪ.

“ನಿಮ್ಮ ಬಳಿಯಲ್ಲೂ ಉಂಟು, ನಮ್ಮಲ್ಲೂ ಬಂತು. ಕಮಲನಿಗೆ ಪಥ್ಯದ ಅಡಿಗೆ ಎಲ್ಲ ಗೊತ್ತುಂಟು. ಮಹಾಲಿಂಗನಿಗೂ ಒಳ್ಳೆದು, ನನಗೂ ಒಂದು ಆಸರೆ. ಹೊರಗಿಂದ ಬಂದವಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ?”

ಸಂಕಪ್ಪ ರೈಗಳು ಹೌದೆಂದರು. ಮಹಾಬಲ ರೈಗಳು ವೀಳ್ಯದೆಲೆ ಒರೆಸಿದರು.

ಸೀತು ಬಾಗಿಲು ದಾಟಿ ಚಾವಡಿಗೆ ಬಂದಳು. ಗಂಡಸರು ಕೂತ ಚಾವಡಿಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು.

“ನನಗೆ ಒಂದೇ ಒಂದು ಮಾತು ಬೇಕು,” ಎಂದಳು. “ನಮ್ಮ ಬಳಿಯಲ್ಲಿ ಇಲ್ಲ. ಇದ್ದದ್ದು ಇವರಲ್ಲಿ. ಕಮಲನಿಗೆ ಬಂದದ್ದು ಅಪ್ಪನ ಕಡೆಯಿಂದ. ಅದನ್ನು ಇವರು ಈಗ, ಇಲ್ಲಿ, ಅಣ್ಣನ ಎದುರು, ಸಂಕಪ್ಪಣ್ಣನ ಎದುರು ಬಾಯಿ ಬಿಟ್ಟು ಹೇಳಲಿ. ಆಮೇಲೆ ಮದುವೆ ಮಾತು.”

“ಎಂತ ಮಾತು ಇದು!” ಎಂದರು ಸಂಕಪ್ಪ ರೈಗಳು. “ಗಂಡನ ಬಾಯಿಂದ ಹೇಳಿಸುದಾ?”

“ನನ್ನನ್ನು ಊರೆಲ್ಲ ಹೇಳುವಾಗ ನೀವು ಎಲ್ಲಿದ್ರಿ?”

ಎಲ್ಲರೂ ಮಹಾಬಲ ರೈಗಳನ್ನು ನೋಡಿದರು. ಅವರು ಒರೆಸಿದ ಎಲೆಯನ್ನೇ ಮತ್ತೆ ಒರೆಸಿದರು. ಅಕ್ಕನ ಕಡೆ ಒಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು:

“ಈಗ ಅದೆಲ್ಲ ಯಾಕೆ ಸೀತು? ಆದದ್ದು ಆಯಿತು. ಯಾರ ಕಡೆಯಿಂದ ಬಂದರೆ ಎಂತ?”

ಯಾರ ಕಡೆಯಿಂದ ಬಂದರೆ ಎಂತ! ಎರಡು ತಿಂಗಳು ಅದು ತಾಯಿಯ ಕಡೆಯದ್ದಾಗಿದ್ದಾಗ ಈ ಮಾತು ಆ ಮಹಾರಾಯರಿಗೆ ನೆನಪಾಗಿರಲಿಲ್ಲ.

ಆಗ ಕಮಲಾವತಿ ಬಂದು ತಾಯಿಯ ಪಕ್ಕ ನಿಂತಳು. ನಡೆದು ನಡೆದು ಅವಳ ಮೈ ಸ್ವಲ್ಪ ಇಳಿದಿತ್ತು, ಬೆನ್ನಿನ ಕುರು ಒಣಗಿತ್ತು. ಅಪ್ಪನ ಮುಖವಂತೂ ಹಾಗೆಯೇ ಇತ್ತು.

“ಮದುವೆ ನನಗೆ ಬೇಡ,” ಎಂದಳು. “ಮಹಾಲಿಂಗ ಭಾವನ ಮೇಲೆ ನನಗೆ ಸಿಟ್ಟಿಲ್ಲ. ಎರಡೂ ಕಡೆ ಇದ್ದರೆ ಮಕ್ಕಳಿಗೆ ಭಯ ಹೆಚ್ಚು ಅಂತ ಡಾಕ್ಟರು ಹೇಳಿದ್ದಾರೆ. ನೀವು ಬಳಿ ಬೇರೆ ಹೇಳ್ತೀರಿ. ನಮಗಿಬ್ಬರಿಗೂ ಇದು ಬಂದದ್ದು ಒಂದೇ ಅಜ್ಜಿಯಿಂದ.”

“ನಿನ್ನನ್ನು ಬೇರೆ ಯಾರು ಮದುವೆ ಆಗ್ತಾರೆ?” ಎಂದರು ತಿಮ್ಮಕ್ಕ.

“ಆಗದಿದ್ದರೆ ಬೇಡ. ಇಲ್ಲಿ ಇದ್ದರೆ ನಾಳೆ ನನ್ನ ಮಗುವಿಗೆ ಬಂದಾಗ ಪುನಃ ತಾಯಿ ಕಡೆಯಿಂದ ಬಂದದ್ದು ಹೇಳ್ತೀರಿ.” ಅವಳು ಅಪ್ಪನ ಕಡೆ ತಿರುಗಿದಳು. “ಅತ್ತೆಗೆ ಈ ರೋಗದಲ್ಲಿ ಬೆರಳು ಹೋಯಿತು ಅಪ್ಪ. ನಿಮ್ಮ ನಾಲಿಗೆ ಯಾವ ರೋಗದಲ್ಲಿ ಹೋದದ್ದು?”

ಮಹಾಲಿಂಗ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಒಂದು ಮಾತು ಅವನೂ ಹೇಳಬಹುದಿತ್ತು. ಅವನೂ ಆ ಮನೆಯ ಗಂಡಸೇ ತಾನೆ.

ದುಗ್ಗಪ್ಪ ರೈ ಎದ್ದು ಶಾಲು ಹೆಗಲಿಗೆ ಹಾಕಿದ. “ಹೊರಡಿ,” ಎಂದ ತಂಗಿಗೆ. “ಕಡಬದಲ್ಲಿ ನಿಮಗೆ ಮನೆ ಉಂಟು. ನಾನು ಕೊಡುವ ಮನೆ ಅಲ್ಲ, ನಿಮ್ಮದೇ ಮನೆ. ಅಳಿಯಸಂತಾನ ರೋಗಕ್ಕೆ ಮಾತ್ರ ಅಲ್ಲ, ತಲೆ ಮೇಲಿನ ಮಾಡಿಗೂ ಉಂಟು.”

ಸೀತು ಒಳಗೆ ಹೋಗಿ ತನ್ನ ಮತ್ತು ಮಗಳ ಬಟ್ಟೆಗಳನ್ನು ಒಂದು ಟ್ರಂಕಿಗೆ ತುಂಬಿದಳು. ಒಲೆಯ ಮೇಲೆ ಹುರುಳಿ ಅರ್ಧ ಬೆಂದಿತ್ತು. ಅವಳ ಕೈ ತನ್ನಷ್ಟಕ್ಕೆ ಸೌದೆಯನ್ನು ಒಳಗೆ ತಳ್ಳಿತು, ಮತ್ತೆ ಅವಳೇ ಅದನ್ನು ಹೊರಗೆಳೆದು ನೀರು ಚಿಮುಕಿಸಿದಳು. ತಿಮ್ಮಕ್ಕ ಚಾವಡಿಯಿಂದ ಕೂಗುತ್ತಿದ್ದರು, “ಹೋಗ್ಲಿ ಬಿಡು, ನಾಲ್ಕು ದಿನದಲ್ಲಿ ಬರ್ತಾರೆ!” ಆಮೇಲೆ ದನಿ ತಗ್ಗಿಸಿ, “ಮಹಾಬಲ, ಸಂಜೆಗೆ ನನ್ನ ಗಾಯ ತೊಳೆಯುದು ಯಾರು?” ಎಂದರು.

ಮಹಾಬಲ ರೈಗಳು ಕೂಡುರಸ್ತೆಯ ತನಕ ಬಂದರು. ಮುಂದೆ ದುಗ್ಗಪ್ಪ ಟ್ರಂಕು ಹೊತ್ತು, ಹಿಂದೆ ತಾಯಿ, ಮಗಳು, ಅವರ ಹಿಂದೆ ದೂರ ಬಿಟ್ಟು ರೈಗಳು ಏದುಸಿರು ಬಿಡುತ್ತ. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ರಾಹಿಂನ ಅಂಗಡಿಯ ನೆರಳಲ್ಲಿ ನಿಂತರು. ಅಂಗಡಿಯಲ್ಲಿ ಮೂರುನಾಲ್ಕು ಜನ ಇದ್ದರು, ಎಲ್ಲ ಗುರುತಿನವರು.

“ಎಂತ ಸೀತಕ್ಕ, ತಾಯಿಮನೆಗಾ?” ಎಂದ ಇಬ್ರಾಹಿಂ. ಅವನು ಒಳ್ಳೆಯ ಮನುಷ್ಯ, ಮರುಕದಿಂದಲೇ ಕೇಳಿದ. “ಮಗಳ ಕಾಯಿಲೆಗೆ ಅಲ್ಲೇ ಮದ್ದು ಮಾಡುದಾ? ನಿಮ್ಮ ಕಡೆಯವರಿಗೆ ಇದರ ಮದ್ದು ಗೊತ್ತಿರಬೇಕಲ್ಲ, ಮೊದಲಿಂದ ಬಂದದ್ದಲ್ಲವಾ?”

ಸೀತು ಗಂಡನನ್ನು ನೋಡಿದಳು. ಕಮಲಾವತಿಯೂ ನೋಡಿದಳು. ಅಂಗಡಿಯಲ್ಲಿದ್ದವರೂ ಆ ಕಡೆಗೇ ತಿರುಗಿದರು. ಹೇಳಬೇಕಾದದ್ದು ನಾಲ್ಕು ಶಬ್ದ. ಅಕ್ಕ ಅಲ್ಲಿರಲಿಲ್ಲ, ಕುಟುಂಬದ ಹಿರಿಯರಿರಲಿಲ್ಲ. ಮಹಾಬಲ ರೈಗಳು ತುಟಿ ತೆರೆದರು, ಹೆಗಲ ಬೈರಾಸಿನಿಂದ ಕತ್ತು ಒರೆಸಿಕೊಂಡರು, “ಬಸ್ಸು ಇವತ್ತು ತಡವಾ?” ಎಂದು ಕೇಳಿದರು.

ಬಸ್ಸು ಬಂತು. ದುಗ್ಗಪ್ಪ ಟ್ರಂಕನ್ನು ಮೇಲಕ್ಕೆ ಏರಿಸಿದ. ಸೀತು ಹತ್ತುವಾಗ ತಿರುಗಿ ನೋಡಲಿಲ್ಲ. ಕಮಲಾವತಿ ಕಿಟಕಿಯ ಬಳಿ ಕೂತು, ಅಪ್ಪನಿಗೆ ಕಾಣುವ ಕಡೆಯ ಮುಖದ ಮೇಲೆ ಸೆರಗು ಎಳೆದುಕೊಂಡಳು. ಬಸ್ಸು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಯಿತು. ಅಂಗಡಿಯಲ್ಲಿದ್ದವರು ಅವರವರ ಸಾಮಾನು ಕಟ್ಟಿಕೊಂಡು ಹೊರಟರು.

ರೈಗಳು ಅಲ್ಲೇ ನಿಂತಿದ್ದರು. ಬಸ್ಸಿನ ಸದ್ದು ಪೂರ್ತಿ ಅಡಗಿದ ಮೇಲೆ ಅಂಗಡಿಯ ಹಲಗೆಯ ಮೇಲೆ ಕೈಯೂರಿ, ಗಟ್ಟಿಯಾಗಿಯೇ ಹೇಳಿದರು:

“ಇಬ್ರಾಹಿಂ, ಅದು ಅವಳ ಕಡೆಯಿಂದ ಬಂದದ್ದಲ್ಲ. ನನ್ನ ಕಡೆಯಿಂದ.”

ಇಬ್ರಾಹಿಂ ತಕ್ಕಡಿ ಕೆಳಗಿಟ್ಟು ಅವರ ಮುಖ ನೋಡಿದ.

“ಅದನ್ನು ನನಗೆ ಯಾಕೆ ಹೇಳುದು ರೈಗಳೇ?” ಎಂದ. “ಬಸ್ಸು ಹೋಯಿತಲ್ಲ.”